ರಾಜೇಸಾಬನಿಗೆ ತಿಳಿಯದ ಮಾತು

ನಮ್ಮ ಕಡೆಯ ಜನಕ್ಕೆ ಹೂಂಗುಟ್ಟುವ ಚಟ. ಎದುರಿಗೆ ಕೂತವರು ಮಾತಾಡುತ್ತಿರುವಾಗ ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆಯಲ್ಲವೆಂದು, ತಿಳಿದರೂ ತಿಳಿಯದಿದ್ದರೂ ಮಾತಿಗೊಂದು ಹೂಂ ಹಾಕುತ್ತ ಹೋಗುತ್ತಾರೆ. ಕಥೆ ಹೇಳುವವರಿಗೆ ಇದರಿಂದ ಹುರುಪು ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಹೊನ್ನಗುಡ್ಡದ ಸಿಮೆಂಟ್ ಕಾರ್ಖಾನೆಯಲ್ಲಿ ಈ ಹೂಂ ದೊಡ್ಡ ರಾದ್ಧಾಂತವನ್ನೇ ಮಾಡಿತು. ಯಾವ ಆಸ್ಪತ್ರೆಗೆ ಹೋದರೆ ಖರ್ಚು ಕಂಪನಿಯದು, ಹೆರಿಗೆಗೆ ಏನು ಸಿಗುತ್ತದೆ, ತಾಯಿಯ ಕಣ್ಣಿನ ಪೊರೆಗೆ ಏನು, ಯಾವುದಕ್ಕೆ ಏನೂ ಇಲ್ಲ ಎಂದು ಅಧಿಕಾರಿ ಓದಿ ಹೇಳಿದಾಗ ಕಾರ್ಮಿಕರೆಲ್ಲ ಹೂಂ ಎಂದರು. ಆಮೇಲೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ನಮಗೆ ಯಾರೂ ಇದನ್ನು ಹೇಳಲೇ ಇಲ್ಲ ಎಂದರು. ಇಬ್ಬರದೂ ಸುಳ್ಳಲ್ಲ. ಜಗಳ ಕೋರ್ಟು ಹತ್ತಿತು, ವರ್ಷಗಟ್ಟಲೆ ನಡೆಯಿತು, ಕೊನೆಗೆ ಒಂದು ಕಾಯಿದೆಯೇ ಹುಟ್ಟಿತು. ನೌಕರನಿಗೆ ನಿಜವಾಗಿ ತಿಳಿಯುವ ತನಕ ಅವನ ಆರೋಗ್ಯ ಸೌಲಭ್ಯದಲ್ಲಿ ಯಾವ ಬದಲಾವಣೆಯೂ ಜಾರಿಗೆ ಬರುವಂತಿಲ್ಲ. ತಿಳಿದ ಮೇಲೆ ಅವನು ತಕರಾರು ತೆಗೆಯುವಂತಿಲ್ಲ.

ತಿಳಿಯಿತೋ ಇಲ್ಲವೋ ಎಂದು ನೋಡುವುದು ಹೇಗೆ? ಅದಕ್ಕೂ ಒಂದು ಸಾಧನ ಬಂತು. ಹಣೆಗೆ ಕಟ್ಟುವ ಎರಡು ಬೆರಳಗಲದ ಪಟ್ಟಿ. ಜನ ಅದನ್ನು ತಿಳಿಪಟ್ಟಿ ಎಂದರು. ಒಂದು ಮಾತು ತಲೆಗೆ ಹೋದ ಕ್ಷಣದಲ್ಲಿ ಮಿದುಳಿನ ಒಂದು ಮಗ್ಗುಲಿನಿಂದ ಸಣ್ಣ ಅಲೆಯೊಂದು ಎದ್ದು ಮುಂಭಾಗಕ್ಕೆ ಬಂದು ಅಲ್ಲಿ ಶಾಂತವಾಗುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದರು. ಅಲೆ ಎದ್ದು ಶಾಂತವಾದರೆ ಪಟ್ಟಿಯ ಮೇಲಿನ ಹಳದಿ ದೀಪ ಹಸಿರಾಗುತ್ತದೆ. ಮನಸ್ಸಿನೊಳಗೆ ಎಲ್ಲೋ ಒಂದು ಪ್ರಶ್ನೆ ಉಳಿದಿದ್ದರೆ ಅಲೆ ಏಳುತ್ತದೆ, ಇಳಿಯುವುದಿಲ್ಲ, ದೀಪ ಹಳದಿಯಾಗಿಯೇ ಇರುತ್ತದೆ. ಬಾಯಿಮಾತಿನ ಹೂಂ ಅದಕ್ಕೆ ಲೆಕ್ಕಕ್ಕಿಲ್ಲ. ತಿಳಿದೂ ತಿಳಿಯದವರಂತೆ ನಟಿಸಿದರೂ ಅದು ನಂಬುವುದಿಲ್ಲ.

ಮೇಲ್ನೋಟಕ್ಕೆ ಇದಕ್ಕಿಂತ ಒಳ್ಳೆಯ ಕಾಯಿದೆ ಇನ್ನೊಂದಿಲ್ಲ. ಕಂಪನಿಗಳಿಗೆ ತಿಳಿಸಿ ಹೇಳುವವರು ಬೇಕಾದರು. ಮಹಾನಂದಾ ತುಪ್ಪದ ಎಂಬವಳಿಗೆ ಹೊನ್ನಗುಡ್ಡದಲ್ಲಿ ಕೆಲಸ ಸಿಕ್ಕಿದ್ದು ಹಾಗೆ.

ಮಹಾನಂದಾ ಈ ಕೆಲಸಕ್ಕೆಂದೇ ಹುಟ್ಟಿದವಳು. ಕಬ್ಬಿಣದ ಕಡಲೆಯಂಥ ಕಲಮನ್ನು ಸುಲಿದ ಬಾಳೆಹಣ್ಣು ಮಾಡಿ ಕೈಗಿಡುತ್ತಿದ್ದಳು. ಮೊದಲು ಮನೆಯ ಸುದ್ದಿ ಕೇಳುವಳು, ಆಮೇಲೆ ಅವರವರ ಕಸುಬಿನ ಮಾತನ್ನೇ ಹಿಡಿದು ವಿಷಯಕ್ಕೆ ಇಳಿಯುವಳು. ಗರ್ಭ ಹೋದರೂ ರಜೆ ಉಂಟೆಂದು ತಿಳಿಯದೆ ಭಟ್ಟಿಯ ಬಳಿ ಕಸ ಹೊಡೆಯುತ್ತಿದ್ದ ಹೆಣ್ಣುಮಗಳೊಬ್ಬಳು ಅವಳ ಕೋಣೆಯಲ್ಲಿ ಹಸಿರು ದೀಪದೊಂದಿಗೆ ಅಳುತ್ತ ಕೂತಿದ್ದಳು. ಕಿವಿಯ ಯಂತ್ರ ಉಚಿತವೆಂದು ತಿಳಿದು ಮುದುಕನೊಬ್ಬ ಅವಳ ಕಾಲಿಗೆ ಬೀಳಲು ಹೋಗಿದ್ದ. ಆ ದಿನಗಳಲ್ಲಿ ಅವಳು ಮನೆಗೆ ಹೋಗುವಾಗ ಹಾಡು ಗುನುಗುತ್ತಿದ್ದಳು. ನಾಲ್ಕು ಜನಕ್ಕೆ ಉಪಯೋಗವಾಗುವ ಕೆಲಸ ಎಲ್ಲರಿಗೂ ಸಿಗುವುದಿಲ್ಲ.

ಆಮೇಲೆ ಹೊಸ ಕಲಮು ಬಂತು. ಗುಣವಾಗುವಂಥದ್ದು ರೋಗ, ಗುಣವಾಗದೆ ಕಾಯಂ ಉಳಿಯುವಂಥದ್ದು ರೋಗವಲ್ಲ, ದೇಹದ ಸ್ಥಿತಿ, ಸೌಲಭ್ಯ ಇರುವುದು ರೋಗಕ್ಕೆ. ವಿಭಾಗದ ಮುಖ್ಯಸ್ಥ ಹೇಮಂತ ಗಲಗಲಿ ಅದನ್ನು ಅವಳ ಮುಂದಿಟ್ಟು, "ನಮ್ಮ ಮಂದಿಗೆ ತಿಳಿಯೂ ಹಂಗ ಬರೀರಿ" ಎಂದ. ಅವಳ ಗಂಡ ಗುರುಸಿದ್ದಪ್ಪ ದರ್ಜಿ. ಅವನ ಅಂಗಡಿಯ ಮಾತನ್ನೇ ಎತ್ತಿಕೊಂಡು ಬರೆದಳು: ಹರಿದ ಅಂಗಿಗೆ ಹೊಲಿಗೆ ಹಾಕಿದರೆ ಉಪಯೋಗ ಉಂಟು, ಬಣ್ಣ ಹೋದ ಅಂಗಿಗೆ ಎಷ್ಟು ಹೊಲಿಗೆ ಹಾಕಿದರೂ ಬಣ್ಣ ಬರುವುದಿಲ್ಲ, ಹೊಲಿಗೆಯ ದಾರ ಹರಿದ ಅಂಗಿಗೆ ಮೀಸಲು. ಬಹಳ ಚೆನ್ನಾಗಿದೆ ಎಂದು ಗಲಗಲಿ ಹೊಗಳಿದ. ಚೆನ್ನಾಗಿಯೇ ಇತ್ತು. ಒಬ್ಬೊಬ್ಬರೇ ಬಂದರು, ಅಂಗಿಯ ಮಾತು ಕೇಳಿದರು, ಹಸಿರಾದರು, ಎದ್ದು ಹೋದರು. ಆಮೇಲೆ ಅವರ ಗತಿ ಏನಾಯಿತೆಂಬುದು ಅವಳ ಕೋಣೆಗೆ ಬರುವ ವಿಷಯವಲ್ಲ. ಕಾಲನಿಯಲ್ಲಿ ಯಾರ ಮನೆಯ ಮುಂದೆ ಶಾಮಿಯಾನ ಹಾಕಿದ್ದಾರೆ ಎಂಬುದರಿಂದ ಗೊತ್ತಾಗುತ್ತಿತ್ತು. ಮಹಾನಂದಾ ಮನೆಗೆ ಹೋಗುವ ದಾರಿ ಬದಲಿಸಿಕೊಂಡಳು.

ಇಡೀ ಕಾರ್ಖಾನೆಯಲ್ಲಿ ಒಬ್ಬ ಮಾತ್ರ ಹಳದಿ ಉಳಿದ. ಅವನು ರಾಜೇಸಾಬ ನದಾಫ. ಚೀಲ ತುಂಬುವ ಯಂತ್ರದ ಮುಂದೆ ಆಯುಷ್ಯ ಸವೆಸಿ ಎದೆಯ ತುಂಬ ಸಿಮೆಂಟು ತುಂಬಿಕೊಂಡವನು. ದಮ್ಮು ಹತ್ತುತ್ತದೆಂದು ಈಗ ಅವನನ್ನು ಗೇಟಿನ ಬಳಿ ಕುರ್ಚಿ ಕೊಟ್ಟು ಕೂರಿಸಿದ್ದರು. ವಾರಕ್ಕೊಮ್ಮೆ ಕಂಪನಿಯ ಆಸ್ಪತ್ರೆಯಲ್ಲಿ ಔಷಧದ ಹಬೆ ಎಳೆದುಕೊಂಡರೆ ಆ ವಾರದ ಉಸಿರು ಅವನದು. ಹಬೆ ನಿಂತರೆ ಮುಂದಿನ ಮಳೆಗಾಲ ಕಾಣುವುದು ಕಷ್ಟವೆಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದರು. ಅವನಿಗೆ ಕಲಮು ತಿಳಿಯುವ ತನಕ ಹಬೆ ನಿಲ್ಲಿಸುವಂತಿರಲಿಲ್ಲ.

"ಆರಾಮ ಇದ್ದೀರಿ ಕಾಕಾ?" ಪಟ್ಟಿ ಕಟ್ಟುತ್ತ ಮಹಾನಂದಾ ಕೇಳಿದಳು. ಎಷ್ಟನೆಯ ಸಲವೋ, ಇಬ್ಬರಿಗೂ ಲೆಕ್ಕ ತಪ್ಪಿತ್ತು.

"ದೇವರು ಇಟ್ಟಂಗ ಅದೇನ್ರಿ ಬಾಯಾರ. ನಿನ್ನೆ ಹಬೆ ತಗೊಂಡೇನಿ. ಇವತ್ತ ಮೆಟ್ಟಲಾ ಹತ್ತಿ ಬಂದೆ ನೋಡ್ರಿ."

"ಅಂಗಿ ಮಾತು ನೆನಪೈತಿ?"

"ಐತ್ರಿ. ಹರದ ಅಂಗಿ, ಬಣ್ಣ ಹೋದ ಅಂಗಿ. ಭಾಳ ಚಂದ ಹೇಳಿದ್ರಿ. ನಮ್ಮ ಮನ್ಯಾಕಿಗೂ ಹೇಳೀನಿ."

"ಹಂಗಾದ್ರ ನೋಡ್ರಿ. ನಿಮ್ಮ ಎದಿ ಇನ್ನ ಗುಣ ಆಗೂದಿಲ್ಲ. ಗುಣ ಆಗೂದಿಲ್ಲ ಅಂದ್ರ ಅದು ರೋಗ ಅಲ್ಲ. ರೋಗ ಅಲ್ಲ ಅಂದ ಮ್ಯಾಲ ಕಂಪನಿ ಹಬೆ ಕೊಡೂದಿಲ್ಲ."

"ಹೂಂ."

ದೀಪ ಹಳದಿ.

"ಎಲ್ಲಿ ತಿಳೀಲಿಲ್ಲ, ಹೇಳ್ರಿ."

"ಎಲ್ಲಾ ತಿಳೀತ್ರಿ. ಕಂಪನಿ ಕೊಡೂದಿಲ್ಲ ಅಂದ್ರಲ್ಲ, ಅದೊಂದು ತಿಳೀಲಿಲ್ಲ."

"ಅದ ಅಲ್ಲೇನ್ರಿ ವಿಷಯ."

ರಾಜೇಸಾಬ ತಪ್ಪು ಮಾಡಿದವನಂತೆ ಮುಖ ಮಾಡಿದ. "ಅದ ತಲ್ಯಾಗ ಹೊಕ್ಕೊಳ್ಳವಲ್ತರಿ. ನಾ ಏನ್ ಮಾಡ್ಲಿ. ನಿಮಗ ನನ್ನಿಂದ ಬ್ಯಾಸರ."

ಪಕ್ಕದ ನಿಯಂತ್ರಣ ಕೋಣೆಯಲ್ಲಿ ಗಲಗಲಿ ಪರದೆಯ ಮೇಲೆ ಅಲೆಗಳನ್ನು ನೋಡುತ್ತ ಕೂತಿದ್ದ. ಪರದೆಯ ತುಂಬ ಹಸಿರು ಚುಕ್ಕೆಗಳು, ನಡುವೆ ಒಂದೇ ಒಂದು ಹಳದಿ. ಮಹಾನಂದಾ ಒಳಗೆ ಬಂದಾಗ ಅವನು ತಿರುಗಿ ನೋಡಲಿಲ್ಲ.

"ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತು," ಎಂದ. "ಮೊದಲ ನಾಟಕ ಅನಕೊಂಡಿದ್ದೆ. ನಾಟಕ ಅಲ್ಲ. ನೋಡ್ರಿ, ಅಲೆ ಏಳತೈತಿ, ಮುಂದ ಬರತೈತಿ, ಬಂದು ನಿಲ್ಲವಲ್ತು. ಅವಗ ಖರೇನ ತಿಳಿಯಾಂಗಿಲ್ಲ. ಒಬ್ಬಗ ತಿಳೀಲಿಲ್ಲ ಅಂದ್ರ ಇನ್ನೊಬ್ಬರು ನಮಗೂ ತಿಳಿದಿಲ್ಲ ಅಂತಾರ. ಮ್ಯಾಲಿನವರು ದಿನಾ ಕೇಳ್ತಾರ."

"ಮತ್ತೊಂದು ಸಲ ಹೇಳಿ ನೋಡ್ತೀನ್ರಿ."

"ಹೇಳ್ರಿ. ನಿಮ್ಮ ಕೈಲೆ ಆಗದ್ದು ಯಾರ ಕೈಲಿಂದೂ ಆಗೂದಿಲ್ಲ." ಗಲಗಲಿ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಅವನು ಕೆಟ್ಟವನಲ್ಲ, ಕೆಟ್ಟ ಸುದ್ದಿ ಹೇಳಲು ಬಾರದವನು. "ಇನ್ನೊಂದು ಮಾತು, ಮಹಾನಂದಾ ಅವರ. ಅದ ಕಲಮು ಇನ್ನ ನೌಕರರ ಮನೀಮಂದಿಗೂ ಬರತೈತಿ. ನೌಕರರೆಲ್ಲಾ ಮತ್ತ ಪಟ್ಟಿ ಕಟ್ಟಿಕೊಂಡು ಕೂಡಬೇಕು. ನಿಮ್ಮದೂ ದಿನಾ ಗೊತ್ತ ಮಾಡ್ಯಾರ."

ಗುರುಸಿದ್ದಪ್ಪನ ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ ಹತ್ತಿ ವರ್ಷಗಳಾಗಿದ್ದವು. ಕಂಪನಿಯ ಆಸ್ಪತ್ರೆಯ ಇಂಜೆಕ್ಷನ್ನಿನಿಂದ ಅವನ ಬೆರಳು ಇನ್ನೂ ಸೂಜಿ ಹಿಡಿಯುತ್ತಿದ್ದವು. ಅದು ನಿಂತರೆ ಮೊದಲು ಕೈ, ಆಮೇಲೆ ಕಾಲು, ಕೊನೆಗೆ ಉಸಿರಾಡುವ ಸ್ನಾಯು. ಗುಣವಾಗುವ ಕಾಯಿಲೆ ಅಲ್ಲವೇ ಅಲ್ಲ. ಗಂಡನ ಸೌಲಭ್ಯ ಉಳಿಯಬೇಕಾದರೆ ಹೆಂಡತಿಗೆ ಕಲಮು ತಿಳಿಯಬಾರದು. ಆ ಹೆಂಡತಿಯೋ, ಆ ಕಲಮನ್ನು ಸುಲಿದು ಊರಿಗೆಲ್ಲ ಹಂಚಿದವಳು.

ಮನೆಗೆ ಬಂದಾಗ ಗುರುಸಿದ್ದಪ್ಪ ಕಡಲೆಹಿಟ್ಟಿನ ಜುಣಕ ಮಾಡುತ್ತಿದ್ದ. ಒಗ್ಗರಣೆಯ ಸೌಟನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅವಳು ಚೀಲ ಇಟ್ಟು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಒಲೆ ಸಣ್ಣದು ಮಾಡಿದ.

"ಅಂದ್ರ ನಾನೂ ಬಣ್ಣ ಹೋದ ಅಂಗಿ ಆದ್ನೇನ ನಂದಾ?"

"ಹಂಗ ಅನಬ್ಯಾಡ್ರಿ."

"ಅಲ್ಲ, ನನ್ನ ಅಂಗಡಿ ಮಾತು ಒಯ್ದು ನನ್ನ ಮ್ಯಾಲ ತಿರುಗಿಸಿದಿ. ಕೇಳಬೇಕೋ ಬ್ಯಾಡೋ?" ಎಂದು ನಕ್ಕ. ಮಾತು ಮುಗಿಯುವಷ್ಟರಲ್ಲಿ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ನೋಡಿ ನಗು ನಿಲ್ಲಿಸಿದ. ಅವನಿಗೂ ಭಯವಾಗಿತ್ತು. ಗಂಡಸು, ನಗುವುದನ್ನು ಬಿಟ್ಟು ಬೇರೆ ಗೊತ್ತಿರಲಿಲ್ಲ.

ಪಾರಾಗುವ ದಾರಿಗಳನ್ನೆಲ್ಲ ಅವರು ಊಟದ ಮುಂದೆ ಕೂತು ನೋಡಿದರು. ಪಟ್ಟಿ ಕಟ್ಟಿಸಿಕೊಳ್ಳಲು ಹೋಗದಿದ್ದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಸೌಲಭ್ಯ ಅದೇ ದಿನ ಹೋಗುತ್ತದೆ. ಕೆಲಸ ಬಿಟ್ಟರೂ ಅಷ್ಟೇ. ಆ ಇಂಜೆಕ್ಷನ್ ಹೊರಗೆ ಕೊಳ್ಳುವುದು ಅವರಂಥವರ ಮಾತಲ್ಲ. ಉಳಿದದ್ದು ಒಂದೇ, ತಿಳಿಯದೆ ಇರುವುದು.

"ಅದೇನ್ ಮಹಾ," ಎಂದ ಗುರುಸಿದ್ದಪ್ಪ. "ನನ್ನ ಮಾತು ನಿನಗ ಯಾವತ್ತ ತಿಳದೈತಿ? ನಾನ ಹೇಳ್ತೀನಿ ಕೇಳು. ಎತ್ತು ಈಯಿತು, ಆದ್ದರಿಂದ ಇಂಜೆಕ್ಷನ್ ಬಂದ್. ತಿಳೀತು?"

"ತಿಳೀತು," ಎಂದಳು ಅವಳು. ಅದೇ ಅವಳ ಕಷ್ಟ. ಹೇಗೆ ಹೇಳಿದರೂ ಅವಳಿಗೆ ತಿಳಿಯುತ್ತಿತ್ತು.

ತರಬೇತಿ ಕೋಣೆ ಖಾಲಿ ಇರುವ ಹೊತ್ತು ನೋಡಿ ಅವಳು ತಾನೇ ಪಟ್ಟಿ ಕಟ್ಟಿಕೊಂಡು ಕೂತಳು. ತನ್ನದೇ ದನಿಯ ಧ್ವನಿಮುದ್ರಿಕೆ ಹಚ್ಚಿದಳು. ಎರಡನೆಯ ವಾಕ್ಯಕ್ಕೆ ದೀಪ ಹಸಿರಾಯಿತು. ಮನಸ್ಸಿನಲ್ಲಿ ವಚನ ಹೇಳಿಕೊಂಡಳು, ಹಸಿರು. ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೆ ಹೇಳಿಕೊಂಡಳು, ಹಸಿರು. ತುಟಿ ಕಚ್ಚಿ ರಕ್ತ ಬರಿಸಿಕೊಂಡಳು, ನೋವಿನ ಅಲೆಯ ಪಕ್ಕದಲ್ಲೇ ತಿಳುವಳಿಕೆಯ ಅಲೆಯೂ ಎದ್ದು, ಬಂದು, ತಣ್ಣಗೆ ಕೂತಿತು. ಈಜು ಬಂದವರಿಗೆ ಬೇಕೆಂದು ಮುಳುಗಲು ಆಗುವುದಿಲ್ಲವಂತೆ. ಕೊನೆಗೆ ಧ್ವನಿಮುದ್ರಿಕೆ ಹಚ್ಚದೆ ಸುಮ್ಮನೆ ಕೂತಳು. ಕಲಮಿನ ನೆನಪಾದದ್ದೇ ತಡ, ದೀಪ ಹಸಿರಾಯಿತು. ಪಟ್ಟಿ ಕಿತ್ತು ಮೇಜಿನ ಮೇಲೆ ಒಗೆದಳು.

ಆಗ ಅವಳಿಗೆ ರಾಜೇಸಾಬನ ನೆನಪಾಯಿತು. ತಿಳಿಯದೆ ಇರುವ ವಿದ್ಯೆ ಬಲ್ಲವನು ಊರಿಗೆ ಅವನೊಬ್ಬನೇ.

ಭಾನುವಾರ ಮಧ್ಯಾಹ್ನ ಅವಳು ಅವನ ಮನೆ ಹುಡುಕಿಕೊಂಡು ಹೋದಳು. ಕಾಲನಿಯ ಕೊನೆಯ ಸಾಲು. ಅಂಗಳದ ಕರಿಬೇವಿನ ಗಿಡದ ಎಲೆಯ ಮೇಲೆಲ್ಲ ಸಿಮೆಂಟಿನ ಪುಡಿ. ಬಾಗಿಲಲ್ಲಿ ಅವಳನ್ನು ಕಂಡು ರಾಜೇಸಾಬ ಟೊಪ್ಪಿಗೆ ಸರಿಮಾಡಿಕೊಂಡು ಎದ್ದು ನಿಂತ. ಅವನ ಹೆಂಡತಿ ಹುಸೇನಬಿ ಕುರ್ಚಿಯನ್ನು ಸೆರಗಿನಿಂದ ಒರೆಸಿ, ಶುಂಠಿ ಹಾಕಿದ ಚಹಾ ತಂದುಕೊಟ್ಟು, ನೆರೆಮನೆಯಲ್ಲಿ ಮಗು ನೋಡಿಬರುತ್ತೇನೆಂದು ಹೋದಳು.

"ಕಾಕಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಹೆಂಗ ತಿಳೀದಂಗ ಇರ್ತೀರಿ? ನನಗೂ ಕಲಿಸ್ರಿ."

ರಾಜೇಸಾಬನಿಗೆ ನಗು ಬಂತು, ನಗುವಿನ ಬೆನ್ನಿಗೆ ಕೆಮ್ಮು ಬಂತು. ಸುಧಾರಿಸಿಕೊಂಡು ಹೇಳಿದ: "ಕಲಿಸಾಕ ನಾ ಏನ್ ಮಾಡ್ತೀನ್ರಿ ತಂಗಿ. ನಾ ದಡ್ಡ ಮನಶ್ಯಾ."

"ದಡ್ಡತನ ಅಲ್ಲ ಕಾಕಾ. ದಡ್ಡರಿಗೂ ನಾ ತಿಳಿಸೀನಿ. ನಾ ಹೇಳೂವಾಗ ನಿಮ್ಮ ಮನಸಿನ್ಯಾಗ ಏನ್ ಬರತೈತಿ ಅದನ್ನ ಹೇಳ್ರಿ."

ಅವನು ಯೋಚಿಸಿದ. ಯಾರೂ ಅವನನ್ನು ಅದನ್ನು ಕೇಳಿರಲಿಲ್ಲ.

"ಏನ್ ಬರತೈತಿ ಅಂದ್ರ... ನಮ್ಮ ಹಿರೇ ಮಗಳು ಹುಟ್ಟೂ ಮುಂದ ಹುಸೇನಬಿಗೆ ಭಾಳ ತ್ರಾಸ ಆತ್ರಿ. ಹಳ್ಳ ತುಂಬಿ ಬಂದಿತ್ತು. ಕಂಪನಿ ಅವರು ಕಲ್ಲು ಹೊರೂ ದೊಡ್ಡ ಟ್ರಕ್ ಕಳಿಸಿದ್ರು. ಅದರಾಗ ಹಾಕ್ಕೊಂಡು ಹಳ್ಳಾ ದಾಟಿಸಿದ್ರು. ಮ್ಯಾನೇಜರ ಸಾಹೇಬರು ತಾವ ಬಂದು ಕೊಡಿ ಹಿಡಕೊಂಡು ನಿಂತಿದ್ರು. ಶಾಲೆ ಕಟ್ಟಿಸಿದ್ರು, ನಳಾ ಹಾಕಿಸಿದ್ರು. ಅಂಥಾ ಕಂಪನಿ, ತನ್ನ ಕೆಲಸಾ ಮಾಡಿ ಎದಿ ಕೆಡಿಸಿಕೊಂಡವ, ಸಾಯಲಿ ಬಿಡು ಅಂತೈತಿ ಅಂದ್ರ ನಂಬೂದು ಹೆಂಗ್ರಿ? ನೀವು ಹೇಳೂವಾಗ ನನಗ ಅನಸತೈತಿ, ನಡುವ ಯಾರೋ ತಪ್ಪು ಬರದಾರ. ಮ್ಯಾಲಿನವರಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಾತಂದ್ರ ಸರಿ ಮಾಡ್ತಾರ. ಅಷ್ಟರೀ. ಮತ್ತೇನೂ ಇಲ್ಲ."

ಇಷ್ಟೇ. ಇದಕ್ಕೇ ವಿಜ್ಞಾನಿಗಳ ಅಲೆ ಕೂರಲು ಜಾಗ ಸಿಗದೆ ಅಲೆದಾಡುತ್ತಿತ್ತು. ಮಹಾನಂದಾಳಿಗೆ ಹೊಟ್ಟೆಕಿಚ್ಚಾಯಿತು, ಮನುಷ್ಯರು ಬೇರೆಯವರ ಬಂಗಾರ ನೋಡಿ ಪಡುವಂಥ ಹೊಟ್ಟೆಕಿಚ್ಚು. ಅಂಥ ನಂಬಿಕೆ ಅವಳಲ್ಲಿ ಚೂರಾದರೂ ಉಳಿದಿದ್ದರೆ ಗಂಡನ ಕೈ ಉಳಿಯುತ್ತಿತ್ತು. ಕಡ ಕೇಳುವ ವಸ್ತುವೇ ಅದು? ತಡೆದುಕೊಳ್ಳಲಾಗದೆ ಅತ್ತುಬಿಟ್ಟಳು.

"ಯಾಕ ತಂಗಿ, ಯಾಕ ಅಳ್ತಿ?"

"ತಪ್ಪು ಅಲ್ಲ ಕಾಕಾ. ನಡುವ ಯಾರೂ ತಪ್ಪು ಬರದಿಲ್ಲ. ಅಂಗಿ ಮಾತು ಬರದಾಕಿ ನಾನ. ಈಗ ಅದ ಮಾತು ನಮ್ಮ ಮನೀಗೆ ಬಂದೈತಿ. ನಮ್ಮ ಮನಿಯವರಿಗೆ ಕೈ ಬೀಳೂ ಬ್ಯಾನಿ. ಅವರ ಇಂಜೆಕ್ಷನ್ ನಿಲ್ಲಸ್ತಾರ. ನನಗ ತಿಳೀದಿದ್ರ ನಿಲ್ಲಂಗಿಲ್ಲ. ಆದ್ರ ನನಗ ತಿಳಿದೈತಲ್ಲ, ಏನ್ ಮಾಡ್ಲಿ."

"ನಿಮಗೂ?" ಎಂದ ರಾಜೇಸಾಬ. "ಸಾಹೇಬರ ಮಗ್ಗಲದಾಗ ಕೂಡಾವರು ನೀವು. ಸಾಹೇಬರಿಗೆ ಹೇಳಲಿಲ್ಲೇನು?"

"ಅವರ ನನಗ ಹೇಳಿದ್ದು."

"ಅವರಿಗಿಂತ ಮ್ಯಾಲಿನವರು?"

"ಅವರ ಹೇಳಿದ್ದು ಸಾಹೇಬರಿಗೆ."

ರಾಜೇಸಾಬ ಚಹಾದ ಬಟ್ಟಲನ್ನು ಕೆಳಗಿಟ್ಟು ಅಂಗಳದ ಕಡೆ ನೋಡುತ್ತ ಕೂತ. ಅವನ ಎದೆಯ ಸುಂಯ್ ಸದ್ದು ಅವಳಿಗೆ ಕೇಳುತ್ತಿತ್ತು. ತನ್ನ ದುಃಖದಲ್ಲಿ ಅವಳು ಅವನ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ಎದ್ದು ಒಳಗಿನಿಂದ ನೀರು ತಂದುಕೊಟ್ಟ. ಅವಳು ಹೊರಟಾಗ ಅಂಗಳದ ಗೇಟಿನ ತನಕ ಬಂದು, "ದೇವರು ಅದಾನ ತಂಗಿ, ಹೋಗಿ ಬರ್ರಿ" ಎಂದ.

ಅವಳ ದಿನ ಬಂತು. ತಿಳಿಸಿ ಹೇಳಲು ಕೂತವಳು ಭುವನಾ. ಮಹಾನಂದಾಳ ಕೈಕೆಳಗೇ ಕಲಿತ ಹುಡುಗಿ. ಗಲಗಲಿ ಬೇರೆಯವರನ್ನು ಕೂರಿಸಬಹುದಿತ್ತು, ಆದರೆ ಬೇರೆ ಯಾರಿದ್ದರು? ಭುವನಾ ಪಟ್ಟಿ ಕಟ್ಟಿದಳು. ಕಲಿಸಿಕೊಟ್ಟ ಕ್ರಮದಲ್ಲೇ ಮೊದಲು ಮನೆಯ ಸುದ್ದಿ ಕೇಳಿದಳು.

"ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ ಅಕ್ಕಾ?"

ಕೇಳಿದ ಮೇಲೆ ತಾನು ಏನು ಕೇಳಿದೆನೆಂದು ಹುಡುಗಿಗೆ ಹೊಳೆಯಿತು, ತುಟಿ ಕಚ್ಚಿಕೊಂಡಳು. ಮಹಾನಂದಾ ಕಣ್ಣು ಮುಚ್ಚಿದಳು. ಟ್ರಕ್ಕನ್ನು ನೆನೆದಳು, ತುಂಬಿದ ಹಳ್ಳವನ್ನು ನೆನೆದಳು, ಕೊಡೆ ಹಿಡಿದು ನಿಂತ ಮ್ಯಾನೇಜರನನ್ನು ನೆನೆದಳು. ಯಾರೋ ತಪ್ಪು ಬರೆದಿದ್ದಾರೆ, ಮೇಲಿನವರಿಗೆ ಗೊತ್ತಿಲ್ಲ ಎಂದು ರಾಜೇಸಾಬನ ಮಾತನ್ನೇ ತನ್ನ ಮಾತಾಗಿ ಹೇಳಿಕೊಂಡಳು. ಹೇಳಿಕೊಳ್ಳುತ್ತಿರುವಾಗಲೇ ಅದು ನಿಜವಲ್ಲವೆಂದು ಅವಳಿಗೆ ಗೊತ್ತಿತ್ತು.

"ಅಕ್ಕಾ," ಎಂದಳು ಭುವನಾ. "ನಾ ಇನ್ನೂ ಏನೂ ಹೇಳೇ ಇಲ್ರಿ."

ಕಣ್ಣು ತೆರೆಯುವ ಅಗತ್ಯವಿರಲಿಲ್ಲ. ಹಸಿರು ಬೆಳಕು ರೆಪ್ಪೆಯ ಮೂಲಕವೇ ಒಳಗೆ ಬಂದಿತ್ತು.

ಗುರುಸಿದ್ದಪ್ಪ ಕೊನೆಯ ಇಂಜೆಕ್ಷನ್ ತೆಗೆದುಕೊಂಡು ಬಂದ ದಿನ, ಹೊಲಿಯಲು ಬಂದಿದ್ದ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ವಾಪಸು ಕಳಿಸಿದ. ಒಂದು ಕುಪ್ಪಸ ಮಾತ್ರ ಉಳಿಸಿಕೊಂಡ, ಹೆಂಡತಿಯದು. ಅದನ್ನು ಮುಗಿಸಿಯೇ ತೀರುತ್ತೇನೆಂದು ಹಟ ಹಿಡಿದು ಕೂತ. ಸೂಜಿಗೆ ದಾರ ಪೋಣಿಸಿ ಕೊಡುವುದು ಅವಳ ಕೆಲಸವಾಯಿತು. ಅವಳು ಬೆಳಿಗ್ಗೆ ಎದ್ದು ಅದೇ ಕೋಣೆಗೆ ಹೋಗಿ ಅದೇ ಕಲಮನ್ನು ಬೇರೆಯವರಿಗೆ ತಿಳಿಸುತ್ತಿದ್ದಳು, ಯಾಕೆಂದರೆ ಅವಳ ಸಂಬಳವೂ ಹೋದರೆ ಮನೆಯಲ್ಲಿ ಉಣ್ಣಲು ಇರುವುದಿಲ್ಲ. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎನ್ನುತ್ತಾರಲ್ಲ, ಅವಳ ಹೆಸರಿನಲ್ಲೇ ತುಪ್ಪ ಇತ್ತೆಂದು ಗಂಡ ಒಮ್ಮೆ ಚೇಷ್ಟೆ ಮಾಡಿದ. ಅವಳು ನಗಲಿಲ್ಲ, ಅವನೂ ಮುಂದುವರಿಸಲಿಲ್ಲ.

ಒಂದೇ ಒಂದು ಸಮಾಧಾನ ಉಳಿದಿತ್ತು. ರಾಜೇಸಾಬ ಇನ್ನೂ ಹಳದಿ ಇದ್ದಾನೆ.

ಅವನನ್ನು ಹಾಗೆಯೇ ಉಳಿಸಬೇಕೆಂದು ಅವಳು ನಿರ್ಧರಿಸಿದಳು. ತಾನು ಮುಳುಗಿದ್ದಾಯಿತು, ಅವನಾದರೂ ದಡದ ಮೇಲಿರಲಿ. ಅವನ ಮುಂದಿನ ಸರದಿಗೆ ಒಂದು ಉಪಾಯ ಮಾಡಿಕೊಂಡಳು. ಅಂಗಿಯ ಮಾತೆತ್ತುವುದು ಬೇಡ, ಮನೆಯ ಸುದ್ದಿ ಕೇಳುವುದು ಬೇಡ. ಕಲಮನ್ನು ಕಾನೂನಿನ ಪುಸ್ತಕದಲ್ಲಿ ಇದ್ದ ಹಾಗೆಯೇ, ತಲೆಬುಡ ತಿಳಿಯದ ವಾಕ್ಯಗಳಲ್ಲಿ, ಉಸಿರು ಬಿಡದೆ ಓದಿಬಿಡುವುದು. ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಮಾತನ್ನು ಯಾರಿಗೂ ತಿಳಿಯದ ಹಾಗೆ ಹೇಳುವುದು. ಗಲಗಲಿ ಬೈದರೆ ಬೈಯಲಿ. ಬಹಳ ದಿನಗಳ ಮೇಲೆ ಅವಳು ಕೆಲಸಕ್ಕೆ ಬೇಗ ಹೋದಳು.

ರಾಜೇಸಾಬ ಬಂದು ಕುರ್ಚಿಯಲ್ಲಿ ಕೂತ. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದ. ಅವಳು ಪಟ್ಟಿ ಕಟ್ಟಿ, ಗುಂಡಿ ಒತ್ತಿ, ಎದುರಿಗೆ ಕೂತು ಓದಲು ಶುರು ಮಾಡಿದಳು.

"ಸದರಿ ಯೋಜನೆಯ ಪರಿಭಾಷೆಗೊಳಪಟ್ಟು, ಪರಿಹಾರಸಾಧ್ಯವಲ್ಲದ ಯಾವುದೇ ದೈಹಿಕ..."

"ಬ್ಯಾಡ್ರಿ ಬಾಯಾರ," ಎಂದ ರಾಜೇಸಾಬ ಮೆಲ್ಲಗೆ. "ಓದಬ್ಯಾಡ್ರಿ. ದಣಕೋಬ್ಯಾಡ್ರಿ."

ಅವಳು ತಲೆ ಎತ್ತಿದಳು. ಅವನ ಹಣೆಯ ಮೇಲೆ ದೀಪ ಹಸಿರಾಗಿತ್ತು. ಗುಂಡಿ ಒತ್ತಿದ ಕ್ಷಣದಿಂದಲೇ ಹಸಿರಾಗಿತ್ತು, ಅವಳು ನೋಡಿರಲಿಲ್ಲ ಅಷ್ಟೇ.

"ಇದು ಕೆಟ್ಟೈತಿ," ಎಂದಳು. ಎದ್ದು ಪಟ್ಟಿ ಬಿಚ್ಚಿ ಇನ್ನೊಂದು ತಂದು ಕಟ್ಟಿದಳು. ಅದೂ ಹಸಿರಾಯಿತು.

"ಕೆಟ್ಟಿಲ್ರಿ. ನೀವು ನಮ್ಮ ಮನೀಗೆ ಬಂದಿದ್ರಿ ನೋಡ್ರಿ, ಅವತ್ತ ತಿಳೀತು." ರಾಜೇಸಾಬನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳನ್ನು ಸಮಾಧಾನ ಮಾಡುವ ದನಿಯಿತ್ತು. "ಇಲ್ಲಿ ಅಷ್ಟು ಸಲ ಹೇಳಿದ್ರಿ, ತಲ್ಯಾಗ ಹೋಗಲಿಲ್ಲ. ನಾ ಅನಕೊಂಡಿದ್ದೆ, ಮ್ಯಾಲ ಯಾರೋ ಅದಾರ, ಅವರಿಗೆ ಗೊತ್ತಿಲ್ಲಂತ. ನಿಮಗೂ ಹಿಂಗ ಮಾಡ್ಯಾರ ಅಂದ ಮ್ಯಾಲ, ಗೊತ್ತಿದ್ದ ಮಾಡ್ಯಾರ. ಮತ್ತ ಕೇಳೂದೇನೂ ಉಳೀಲಿಲ್ಲ. ಭಾಳ ಚಂದ ತಿಳಿಸಿದ್ರಿ ತಂಗಿ, ಹೂಂ."

ನಿಯಂತ್ರಣ ಕೋಣೆಯ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದ್ದು ಗೋಡೆಯಾಚೆ ಕೇಳಿಸಿತು. ಪರದೆ ಪೂರ್ತಿ ಹಸಿರಾಗಿರಬೇಕು. ಮಹಾನಂದಾಳಿಗೆ ಏನಾದರೂ ಹೇಳಬೇಕಿತ್ತು. ನಾನು ಸುಳ್ಳು ಹೇಳಿದೆ ಕಾಕಾ, ತಪ್ಪು ಬರೆದದ್ದು ನಿಜ, ಮೇಲಿನವರಿಗೆ ಇನ್ನೂ ಗೊತ್ತಿಲ್ಲ ಎನ್ನಬೇಕಿತ್ತು. ಹೇಳಿದರೂ ಅವನು ಮರ್ಯಾದೆಗೆ ಹೂಂ ಅನ್ನುತ್ತಿದ್ದ, ಅಷ್ಟೇ.

ರಾಜೇಸಾಬ ತಾನೇ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟ. ಎದ್ದು ನಿಂತವನು ಹೋಗದೆ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ.

"ಒಂದು ಉಪಕಾರ ಆಗಬೇಕ್ರಿ."

"ಹೇಳ್ರಿ ಕಾಕಾ."

"ಹುಸೇನಬಿಗೆ ಇನ್ನೂ ಗೊತ್ತಿಲ್ಲ. ಹಬೆ ನಿಲ್ಲತೈತಿ, ಆಮ್ಯಾಲ ಹ್ಯಾಂಗ ಅಂತ ಹೇಳಾಕ ನನ್ನ ಕೈಲೆ ಆಗವಲ್ತು. ನಾಕು ದಿನಾ ಪ್ರಯತ್ನ ಮಾಡಿದೆ. ನೀವು ಒಮ್ಮೆ ಮನೀತನಕ ಬಂದು ಆಕಿಗೆ ತಿಳಿಸಿ ಹೇಳ್ರಿ. ನೀವು ಹೇಳಿದ್ರ ತಿಳೀತೈತಿ."

ಮಹಾನಂದಾ ಅವನ ಮುಖ ನೋಡಿದಳು. ಬರುವುದಿಲ್ಲ ಎನ್ನಲು ಅವಳಿಗೆ ಯಾವ ದಾರಿಯೂ ಕಾಣಲಿಲ್ಲ.

"ಬರ್ತೀನ್ರಿ," ಎಂದಳು.